ಗಾಯಕ್ಕೆ ಮಣ್ಣು ಮೆತ್ತಬೇಡಿ

ರೈತ ಬಾಂಧವರೇ, ರಾಗಿ ಕೊಯ್ಲಿನಲ್ಲಿ ಕುಡುಗೋಲು ಬೆರಳಿಗೆ ತಾಗುವುದು ಹೊಸತಲ್ಲ. ತಾಗಿದೊಡನೆ ನೀವು ಮಾಡುವುದೇನು? ಒಂದು ಹಿಡಿ ಹೊಲದ ಮಣ್ಣನ್ನೋ ಸಗಣಿಯನ್ನೋ ಒತ್ತಿ, ಹಳೆಯ ಬಟ್ಟೆ ಸುತ್ತಿ ಮತ್ತೆ ಕೊಯ್ಲಿಗೆ ಬಾಗುವುದು. ನಾನೂ ಚಿಕ್ಕಂದಿನಲ್ಲಿ ಹಾಗೆಯೇ ಮಾಡಿದವನು. ರಕ್ತ ನಿಂತಿತಲ್ಲ, ಮದ್ದು ಸರಿಯೆಂದು ನಂಬಿದ್ದೆ. ನಿಲ್ಲಿಸಿದ್ದು ಮಣ್ಣಲ್ಲ, ಒತ್ತಿ ಹಿಡಿದ ಹೆಬ್ಬೆರಳು.

ಚರ್ಮದ ಹೊರಪದರದಲ್ಲಿ ರಕ್ತನಾಳವಿಲ್ಲ. ಆದ್ದರಿಂದಲೇ ಮೇಲೆ ಮೇಲೆ ಗೀರಿದರೆ ರಕ್ತ ಬಾರದು. ಅದರ ಮೇಲ್ಭಾಗ ಮರದ ತೊಗಟೆಯ ಹಾಗೆ ಸತ್ತ ಜೀವಕೋಶಗಳ ಹೊದಿಕೆ. ಒಳಪದರದಲ್ಲಿ ರಕ್ತನಾಳ, ನರ, ಬೆವರಿನ ಗ್ರಂಥಿ, ಕೂದಲಿನ ಬುಡ ಇವೆ. ಕುಡುಗೋಲು ಅಲ್ಲಿಗಿಳಿದರೆ ಬೇಲಿ ಮುರಿದಂತೆಯೇ. ಮೂಗಿನಲ್ಲಿ, ಮೈಮೇಲೆ ಸುಮ್ಮನಿದ್ದ ಸ್ಟಫೈಲೊಕಾಕಸ್ ಒಳನುಗ್ಗಿ ಕೀವು ಕಟ್ಟಿಸುತ್ತದೆ. ಸ್ಟ್ರೆಪ್ಟೊಕಾಕಸ್ ಆದರೆ ಚರ್ಮದಡಿ ಕೆಂಪಾಗಿ ಹಬ್ಬುತ್ತದೆ.

ಮಣ್ಣು, ಸಗಣಿಯಲ್ಲಿರುವ ಧನುರ್ವಾಯು ರೋಗಾಣು ಇವೆರಡಕ್ಕಿಂತ ಘೋರ. ಗಟ್ಟಿ ಕವಚ ತೊಟ್ಟು ಬೀಜದಂತೆ ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುವ ಇದು ಮೊಳೆಯುವುದು ಗಾಳಿಯಾಡದ ಕಡೆ. ಆಳದ ಗಾಯಕ್ಕೆ ಮಣ್ಣು ಮೆತ್ತಿದಿರೋ, ಬಿತ್ತಿದವರೂ ನೀವೇ, ಮುಚ್ಚಿದವರೂ ನೀವೇ. ದವಡೆ ಬಿಗಿಯುವುದು ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ. ಅಷ್ಟರಲ್ಲಿ ಗಾಯ ಮರೆತೇ ಹೋಗಿರಬಹುದು!

ಶುಭ್ರವಾದ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುವೆ ತೆಗೆದು ನೋಡಬೇಡಿ. ರಕ್ತ ನಿಂತ ಮೇಲೆ ಕುಡಿಯುವ ನೀರನ್ನು ಧಾರೆಯಾಗಿ ಸುರಿಯುತ್ತ ಸೋಪಿನಿಂದ ತೊಳೆಯಿರಿ. ಕಾಲುವೆ ನೀರು ಬೇಡ. ರಕ್ತ ನಿಲ್ಲದಿದ್ದರೆ ಅಥವಾ ಗಾಯ ಬಾಯ್ದೆರೆದಿದ್ದರೆ ಹೊಲಿಗೆ ಬೇಕು, ಕೂಡಲೇ ಆಸ್ಪತ್ರೆಗೆ ಹೋಗಿ. ಮಣ್ಣಾದ ಗಾಯವಾಗಿದ್ದು, ಹಿಂದಿನ ಧನುರ್ವಾಯು ಲಸಿಕೆಗೆ 5 ವರ್ಷ ದಾಟಿದ್ದರೆ ಟಿ.ಡಿ. ಚುಚ್ಚುಮದ್ದು ಹಾಕಿಸಿಕೊಳ್ಳಿ. ಜಾಲಿ ಮುಳ್ಳು ಚುಚ್ಚಿದರೂ ಇದೇ ಮಾತು.

ಮೊದಲ ಮೂರು ನಾಲ್ಕು ದಿನ ತುಸು ಕೆಂಪು, ತುಸು ಬಾವು ಸಹಜ. ರಕ್ತದ ಬಿಳಿಕಣಗಳು ಆಗ ಕಸ ಗುಡಿಸುತ್ತಿರುತ್ತವೆ. ಬಳಿಕ ಹೊಸ ಮಾಂಸ ತುಂಬಿ, ಅಂಚಿನಿಂದ ಹೊಸ ಚರ್ಮ ಹಬ್ಬುತ್ತದೆ. ಹಕ್ಕಳೆ ಕೀಳಬೇಡಿ.

ಕೆಂಪು ಹೆಚ್ಚುತ್ತಿದೆಯೆಂಬ ಅನುಮಾನವಿದ್ದರೆ ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯಿರಿ. ಕೆಂಪು ಆ ಗೆರೆ ದಾಟಿದರೆ, ಜ್ವರ ಬಂದರೆ, ಕಂಕುಳಿನ ಕಡೆಗೆ ಕೆಂಪು ಗೀರು ಏರಿದರೆ ಮರುದಿನಕ್ಕೆ ಕಾಯದೆ ವೈದ್ಯರಲ್ಲಿಗೆ ಹೋಗಿ. ಸಕ್ಕರೆ ಕಾಯಿಲೆಯವರಂತೂ ಕಾಲಿನ ಗಾಯ ನೋಯುತ್ತಿಲ್ಲವೆಂದು ಸುಮ್ಮನಿರಬಾರದು. ಅವರಿಗೆ ಪಾದದ ಸ್ಪರ್ಶವೇ ಕುಂದಿರಬಹುದು. ಸಂಜೆ ಕಾಲು ತೊಳೆದಾಗ ದೀಪ ಹಿಡಿದು ಅಂಗಾಲನ್ನೂ ನೋಡಿಕೊಳ್ಳಲಿ.