ಡಿಸ್ಕ್ ಬ್ರೇಕಿನ ಕೀರಲು ಸದ್ದು: ಕಾರಣಗಳ ಪತ್ತೆ

ಕಾರಿನ ಡಿಸ್ಕ್ ಬ್ರೇಕಿನಲ್ಲಿ ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ತಟ್ಟೆಯೊಂದಿರುತ್ತದೆ, ಇದೇ ಡಿಸ್ಕ್. ಚಾಲಕ ಪೆಡಲ್ ಅದುಮಿದಾಗ ಬ್ರೇಕ್ ಆಯಿಲಿನ ಒತ್ತಡಕ್ಕೆ ಕ್ಯಾಲಿಪರ್ ಎಂಬ ಹಿಡಿಕೆಯೊಳಗಿನ ಪಿಸ್ಟನ್ ಮುಂದಕ್ಕೆ ಸರಿದು, ಡಿಸ್ಕಿನ ಎರಡೂ ಬದಿಗಳಲ್ಲಿರುವ ಪ್ಯಾಡ್‌ಗಳು ಅದನ್ನು ಬಿಗಿಯಾಗಿ ಹಿಡಿಯುತ್ತವೆ. ಹೀಗೆ ಹಿಡಿಯುವಾಗ ಹುಟ್ಟುವ ಘರ್ಷಣೆಯೇ ವಾಹನವನ್ನು ನಿಲ್ಲಿಸುತ್ತದೆ. ಕಿವಿಗೆ ಚುಚ್ಚುವ ಕೀರಲು ಸದ್ದಿಗೂ ಅದೇ ಮೂಲ. ಆದ್ದರಿಂದ ಸದ್ದು ಕೇಳಿದೊಡನೆ ಪ್ಯಾಡ್ ಬದಲಿಸುವುದಕ್ಕಿಂತ, ಅದು ಯಾವಾಗ, ಹೇಗೆ ಬರುತ್ತದೆ ಎಂಬುದನ್ನು ಗಮನಿಸುವುದೇ ಸರಿಯಾದ ಪತ್ತೆಯ ಮೊದಲ ಹೆಜ್ಜೆ.

ಪ್ಯಾಡ್ ಡಿಸ್ಕಿನ ಮೇಲೆ ಒಂದೇ ಸಮನೆ ಜಾರದೆ, ಕ್ಷಣಾರ್ಧದಲ್ಲಿ ಅನೇಕ ಬಾರಿ ಅಂಟಿ, ಬಿಟ್ಟು, ಮತ್ತೆ ಅಂಟಿದಾಗ ಪ್ಯಾಡ್, ಕ್ಯಾಲಿಪರ್ ಮತ್ತು ಡಿಸ್ಕ್ ಮೂರೂ ಕಂಪಿಸತೊಡಗುತ್ತವೆ. ಈ ಕಂಪನ ಸೆಕೆಂಡಿಗೆ 1,000 ಸಲವನ್ನು ಮೀರಿದಾಗ ಅಗಲವಾದ ಡಿಸ್ಕ್ ಆ ಸದ್ದನ್ನು ಗಾಳಿಗೆ ಹರಡುತ್ತದೆ. ಈ ತೊಂದರೆ ಡಿಸ್ಕ್ ಬ್ರೇಕಿನಷ್ಟೇ ಹಳೆಯದು: 1902ರಲ್ಲಿ ಇಂಗ್ಲೆಂಡಿನ ಫ್ರೆಡೆರಿಕ್ ಲ್ಯಾಂಚೆಸ್ಟರ್ ಪೇಟೆಂಟ್ ಪಡೆದ ಬ್ರೇಕಿನಲ್ಲಿ ಲೋಹಕ್ಕೆ ಲೋಹ ಉಜ್ಜುತ್ತಿದ್ದುದರಿಂದ ಅದರ ಕರ್ಕಶ ಸದ್ದೇ ದೊಡ್ಡ ದೋಷವಾಗಿತ್ತು.

ಮಳೆ ಬಂದ ರಾತ್ರಿಯ ಮರುದಿನ ಅಥವಾ ಕಾರು ತೊಳೆದ ಬಳಿಕ ಕೇಳಿಬಂದು, ನಾಲ್ಕಾರು ಬಾರಿ ಬ್ರೇಕ್ ಹಾಕುವಷ್ಟರಲ್ಲಿ ಅಡಗುವ ಸದ್ದಿಗೆ ಡಿಸ್ಕಿನ ಮೇಲೆ ಕಟ್ಟಿದ ತೆಳು ತುಕ್ಕು ಕಾರಣವಾಗಿರುವುದರಿಂದ ಅದಕ್ಕೆ ಹೆದರಬೇಕಿಲ್ಲ. ದಿನವಿಡೀ ಉಳಿಯುವ ಸದ್ದು ಹಾಗಲ್ಲ. ಅನೇಕ ಕಾರುಗಳ ಪ್ಯಾಡಿನಲ್ಲಿ ಸವೆತವನ್ನು ಸೂಚಿಸುವ ಪುಟ್ಟ ಉಕ್ಕಿನ ಪಟ್ಟಿ ಇದ್ದು, ಪ್ಯಾಡ್ ತೆಳುವಾದಾಗ ಅದು ಡಿಸ್ಕಿಗೆ ತಾಗಿ ಉದ್ದೇಶಪೂರ್ವಕವಾಗಿಯೇ ಸದ್ದು ಮಾಡುತ್ತದೆ. ಈ ಎಚ್ಚರಿಕೆಯನ್ನು ಕಡೆಗಣಿಸಿದರೆ ಘರ್ಷಣೆಯ ಪದರ ಪೂರ್ತಿ ಸವೆದು, ಹಿಂಬದಿಯ ಉಕ್ಕಿನ ಫಲಕವೇ ಡಿಸ್ಕನ್ನು ಕೆರೆಯಲಾರಂಭಿಸುತ್ತದೆ. ಆಗ ಕೀರಲು ಸದ್ದು ಗರಗರ ಸದ್ದಾಗಿ ಮಾರ್ಪಡುತ್ತದೆ. ಅಂಥ ಕಾರನ್ನು ಓಡಿಸುವುದು ಅಪಾಯಕಾರಿ. ಬ್ರೇಕ್ ಹಾಕದಿದ್ದಾಗಲೂ ಬಿಡದೆ ಕೆರೆಯುವ ಸದ್ದಿದ್ದರೆ, ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲಿನ ಚೂರು ಸಿಕ್ಕಿಕೊಂಡಿರುವ ಸಾಧ್ಯತೆಯನ್ನೂ ನೋಡಬೇಕು.

ಚಕ್ರ ಬಿಚ್ಚಿದಾಗ ಮೊದಲು ಅಳೆಯಬೇಕಾದುದು ಪ್ಯಾಡಿನ ದಪ್ಪ. ಹೊಸದರಲ್ಲಿ ಸಾಮಾನ್ಯವಾಗಿ 10 ಮಿಲಿಮೀಟರಿನಷ್ಟಿರುವ ಪದರ 3 ಮಿಲಿಮೀಟರಿಗೆ ಇಳಿದಿದ್ದರೆ ಬದಲಾಯಿಸುವ ಸಮಯ ಬಂದಿದೆ ಎಂದರ್ಥ. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಬಹಳ ಹೆಚ್ಚು ಸವೆದಿದ್ದರೆ, ಕ್ಯಾಲಿಪರ್ ಅತ್ತಿತ್ತ ಸರಿಯಲು ಆಧಾರವಾದ ಗೈಡ್ ಪಿನ್‌ಗಳು ಧೂಳು, ತುಕ್ಕುಗಳಿಂದ ಬಿಗಿದುಕೊಂಡಿರುವ ಸಂಭವ ಹೆಚ್ಚು. ಚಾರ್ಮಾಡಿ, ಆಗುಂಬೆಯಂಥ ಘಾಟಿಗಳನ್ನು ಕೆಳಗಿನ ಗೇರಿನ ನೆರವಿಲ್ಲದೆ ಬ್ರೇಕನ್ನೇ ನಂಬಿ ಇಳಿದರೆ ಪ್ಯಾಡ್ ಅತಿಯಾಗಿ ಕಾದು, ಮೇಲ್ಮೈ ಗಾಜಿನಂತೆ ನುಣುಪಾಗಿ ಕಿರುಗುಟ್ಟುತ್ತದೆ. ಪ್ಯಾಡಿನ ಹಿಂದೆ ಕಂಪನವನ್ನು ತಗ್ಗಿಸಲೆಂದು ಇಡುವ ಶಿಮ್ ಎಂಬ ತೆಳು ಹಾಳೆ ಬಿದ್ದುಹೋಗಿದ್ದರೆ ಹೊಸ ಪ್ಯಾಡ್ ಕೂಡ ಸದ್ದು ಮಾಡಬಹುದು. ಡಿಸ್ಕಿನಲ್ಲಿ ಆಳವಾದ ಗೀರುಗಳಿವೆಯೇ, ಅದರ ಮೇಲೆಯೇ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ತೆಳುವಾಗಿ ಅದು ಸವೆದಿದೆಯೇ ಎಂಬುದನ್ನೂ ಪರೀಕ್ಷಿಸಬೇಕು.

ಪರಿಹಾರದಲ್ಲಿ ನಡೆಯುವ ತಪ್ಪುಗಳು ಸದ್ದಿಗಿಂತ ಅಪಾಯಕಾರಿ. ಸದ್ದಡಗಿಸಲು ಡಿಸ್ಕಿಗೆ ಎಣ್ಣೆ ಅಥವಾ ಗ್ರೀಸ್ ಹಚ್ಚಿದರೆ ಬ್ರೇಕ್ ಹಿಡಿಯುವುದೇ ಇಲ್ಲ. ಹೆಚ್ಚು ಶಾಖ ತಡೆಯುವ ಬ್ರೇಕ್ ಗ್ರೀಸನ್ನು ಗೈಡ್ ಪಿನ್‌ಗಳಿಗೂ ಪ್ಯಾಡಿನ ಹಿಂಬದಿ ಕ್ಯಾಲಿಪರಿಗೆ ತಾಗುವ ಜಾಗಗಳಿಗೂ ಮಾತ್ರ ತೆಳುವಾಗಿ ಸವರಬೇಕು. ಪೆಟ್ರೋಲಿಯಂ ಮೂಲದ ಸಾಮಾನ್ಯ ಗ್ರೀಸ್ ಅಲ್ಲಿನ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಬ್ರೇಕಿನ ಧೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಅದನ್ನು ಗಾಳಿಯಿಂದ ಊದದೆ ಬ್ರೇಕ್ ಕ್ಲೀನರ್ ದ್ರವದಿಂದ ತೊಳೆಯಬೇಕು. ಪ್ಯಾಡ್‌ಗಳನ್ನು ಎಡಬಲ ಎರಡೂ ಚಕ್ರಗಳಲ್ಲಿ ಜೊತೆಯಾಗಿಯೇ ಬದಲಿಸಿ, ಮೊದಲ ಕೆಲವು ದಿನ ಹದವಾಗಿ ಬ್ರೇಕ್ ಹಾಕುತ್ತ ಅವು ಡಿಸ್ಕಿಗೆ ಹೊಂದಿಕೊಳ್ಳಲು ಬಿಡಬೇಕು.

ಗ್ಯಾರೇಜಿಗೆ ಹೋಗುವವರು ಸದ್ದು ಯಾವ ಚಕ್ರದಿಂದ, ಯಾವ ವೇಗದಲ್ಲಿ, ಬ್ರೇಕ್ ತಣ್ಣಗಿದ್ದಾಗಲೋ ಕಾದಾಗಲೋ ಬರುತ್ತದೆ ಎಂಬುದನ್ನು ಮೆಕ್ಯಾನಿಕ್‌ಗೆ ವಿವರವಾಗಿ ತಿಳಿಸಲಿ, ಬಿಚ್ಚಿದ ಹಳೆಯ ಪ್ಯಾಡ್‌ಗಳನ್ನು ಕೇಳಿ ನೋಡಲಿ. ಪ್ರಾಣ ಕಾಯುವ ಈ ಭಾಗದ ವಿಷಯದಲ್ಲಿ ಕಾರಣ ತಿಳಿಯದೆ ಸದ್ದನ್ನಷ್ಟೇ ಅಡಗಿಸುವುದು ಸಲ್ಲದು.