ಮೂರಕ್ಷರದ ಮೈಸೂರಿಗೆ 54 ಚಿಹ್ನೆ

ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿಯ ತುಂಬ ಶೇಕಡಾ ಚಿಹ್ನೆಗಳೇ ಕಿಕ್ಕಿರಿದಿರುವುದನ್ನು ನೀವೂ ನೋಡಿರಬಹುದು. ಎಷ್ಟೋ ಸಲ ಅದು ನಮ್ಮ ಕನ್ನಡವೇ, ವೇಷ ಮರೆಸಿಕೊಂಡು ಹೊರಟಿರುತ್ತದೆ.

ವೆಬ್ ವಿಳಾಸದೊಳಕ್ಕೆ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಿಗಷ್ಟೇ ಪ್ರವೇಶ. ಹುಡುಕುವ ಪೆಟ್ಟಿಗೆಯಲ್ಲಿ ‘ಮೈಸೂರು’ ಎಂದು ಬರೆದು ಒತ್ತಿದಿರೆನ್ನಿ. ನಮ್ಮ ಕಣ್ಣಿಗೆ ಅದು ಮೂರಕ್ಷರ. ಯುನಿಕೋಡ್ ಲೆಕ್ಕದಲ್ಲಿ ಮೂರು ವ್ಯಂಜನ, ಮೂರು ಸ್ವರಚಿಹ್ನೆ, ಒಟ್ಟು 6. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ 3 ಬೈಟ್ ಬೇಕು, ಆಯಿತು 18. ಬ್ರೌಸರು ಪ್ರತಿ ಬೈಟನ್ನೂ ಒಂದು ಶೇಕಡಾ ಚಿಹ್ನೆ, ಅದರ ಬೆನ್ನಿಗೆ ಅಂಕಿಯೋ ಅಕ್ಷರವೋ ಎರಡು, ಹೀಗೆ ಬರೆಯುತ್ತದೆ. ಪುಟ್ಟ ಮೈಸೂರು 54 ಚಿಹ್ನೆಗಳ ಮೆರವಣಿಗೆಯಾಗಿ ಸರ್ವರಿನತ್ತ ಹೊರಡುತ್ತದೆ!

ಫಾರಂ ತುಂಬಿ ಕಳಿಸಲು ಎರಡು ದಾರಿ: ಗೆಟ್ ಮತ್ತು ಪೋಸ್ಟ್. ಗೆಟ್ ಎಂದರೆ ಅಂಚೆ ಕಾರ್ಡು, ಬರೆದದ್ದೆಲ್ಲ ವಿಳಾಸದ ಜೊತೆಯಲ್ಲೇ ಕಾಣುತ್ತದೆ, ಬ್ರೌಸರಿನ ಇತಿಹಾಸದಲ್ಲೂ ಉಳಿಯುತ್ತದೆ. ಪೋಸ್ಟ್ ಎಂದರೆ ಲಕೋಟೆ. ಆದರೆ ಅದಕ್ಕೆ ಅಂಟು ಹಾಕುವುದು ಎಚ್‌ಟಿಟಿಪಿಎಸ್. ಅದಿಲ್ಲದಿದ್ದರೆ ದಾರಿಯಲ್ಲಿ ಯಾರು ಬೇಕಾದರೂ ತೆರೆದು ಓದಬಹುದು. ಸಾದಾ ಫಾರಮ್ಮಿನ ಲಕೋಟೆಯೊಳಗೂ ಅದೇ 54 ಚಿಹ್ನೆ. ಮೇಲಾಗಿ ಮೊದಲೆಲ್ಲ ಒಂದು ಸಣ್ಣ ಉತ್ತರಕ್ಕೂ ಇಡೀ ಪುಟ ಹೊಸದಾಗಿ ಬರಬೇಕಿತ್ತು.

1999ರಲ್ಲಿ ಮೈಕ್ರೋಸಾಫ್ಟ್, ಔಟ್‌ಲುಕ್ ಅಂಚೆಯನ್ನು ಬ್ರೌಸರಿನಲ್ಲಿ ತೋರಿಸಲು ರೂಪಿಸಿಕೊಂಡ ಉಪಾಯವೊಂದನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಸೇರಿಸಿತು. ಪುಟ ಕದಲದಂತೆ ಹಿಂಬಾಗಿಲಿನಿಂದ ಸರ್ವರಿನೊಡನೆ ಮಾತಾಡುವ ಈ ಸಾಧನದ ಹೆಸರು ಎಕ್ಸ್‌ಎಂಎಲ್‌ಎಚ್‌ಟಿಟಿಪಿ ರಿಕ್ವೆಸ್ಟ್. ಇಷ್ಟು ಕೆಟ್ಟ ಹೆಸರಿಟ್ಟುಕೊಂಡೂ ಗೆದ್ದ ತಂತ್ರಜ್ಞಾನ ಇನ್ನೊಂದಿರಲಿಕ್ಕಿಲ್ಲ. ಬಳಸುವುದೂ ಹೆಸರಿನಷ್ಟೇ ತೊಡಕು. ಈಗ ಅದೇ ಕೆಲಸವನ್ನು ‘ಫೆಚ್’ ಎಂಬ ಆಜ್ಞೆ ಒಂದೆರಡು ಸಾಲಿನಲ್ಲಿ ಮುಗಿಸುತ್ತದೆ.

ಲಕೋಟೆಯೊಳಗಿನ ಕಾಗದವೂ ಬದಲಾಗಿದೆ. ಡಗ್ಲಸ್ ಕ್ರಾಕ್‌ಫರ್ಡ್ ಪ್ರಚಾರಕ್ಕೆ ತಂದ ಜೇಸನ್ ಎಂಬ ಬರವಣಿಗೆಯ ಕ್ರಮದಲ್ಲಿ ‘ಊರು’ ಎಂದು ಬರೆದು, ಎರಡು ಚುಕ್ಕಿ ಇಟ್ಟು, ‘ಮೈಸೂರು’ ಎಂದರಾಯಿತು. ವೇಷ ಬೇಕಿಲ್ಲ, 18 ಬೈಟ್ ಸಾಕು.

ಇಷ್ಟಾದರೂ ಒಂದು ಸಂಗತಿ ಮೊದಲಿನಂತೆಯೇ ಇದೆ. ಗೆಟ್ ಬರೀ ಕೇಳುತ್ತದೆ, ಹತ್ತು ಸಲ ಕೇಳಿದರೂ ನಷ್ಟವಿಲ್ಲ. ಪೋಸ್ಟ್ ಏನನ್ನಾದರೂ ಮಾಡಿಸುತ್ತದೆ. ಎರಡು ಸಲ ಹೋದರೆ ಟಿಕೆಟ್ಟೂ ಎರಡಾಗಬಹುದು. ರಿಫ್ರೆಶ್ ಮಾಡಿದಾಗ ‘ಮತ್ತೆ ಕಳಿಸಲೇ?’ ಎಂದು ಬ್ರೌಸರ್ ಕೇಳುವುದು ಈ ಅಂಜಿಕೆಯಿಂದಲೇ. ಜಾಣ ಸರ್ವರುಗಳು ಪ್ರತಿ ಕೋರಿಕೆಗೂ ಗುರುತಿನ ಸಂಖ್ಯೆ ಇಟ್ಟು, ಮರಳಿ ಬಂದದ್ದನ್ನು ತಳ್ಳಿಹಾಕುತ್ತವೆ. ಎಲ್ಲವೂ ಜಾಣವಲ್ಲ. ಹಣ ಕಟ್ಟುವಾಗ ಚಕ್ರ ತಿರುಗುತ್ತಲೇ ಇದ್ದರೆ ಗುಂಡಿಯನ್ನು ಮತ್ತೆ ಒತ್ತಬೇಡಿ; ಖಾತೆಯಿಂದ ಹಣ ಹೋಗಿದೆಯೇ, ಮೊದಲು ನೋಡಿ.