ಸಂಡೂರಿನ ಮ್ಯಾಂಗನೀಸ್: ಟನ್ ಲೆಕ್ಕದಿಂದ ಗ್ರಾಂ ಲೆಕ್ಕಕ್ಕೆ

ಚೋರನೂರು ಹೋಬಳಿಯನ್ನೊಳಗೊಂಡ ಸಂಡೂರು ತಾಲೂಕಿನ ಆರ್ಥಿಕ ಜೀವನಕ್ಕೂ ಅದಿರಿಗೂ ಇರುವ ನಂಟು ಎಷ್ಟು ಗಾಢವಾದುದೆಂಬುದು 2011ರಲ್ಲಿ ಎಲ್ಲರ ಅರಿವಿಗೂ ಬಂದಿತು. ಆ ವರ್ಷದ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಹಿಡಿದಾಗ ಲಾರಿಗಳು ನಿಂತವು. ಲಾರಿ ಸಾಲದ ಕಂತುಗಳು ಮಾತ್ರ ನಿಲ್ಲಲಿಲ್ಲ. ಅಗೆದುದನ್ನು ಅಗೆದಂತೆಯೇ ಮಾರುವ ವ್ಯಾಪಾರದ ಅಪಾಯವದು.

ಇದೇ ಬೆಟ್ಟಸಾಲಿನಲ್ಲಿ ಮ್ಯಾಂಗನೀಸ್ ಅದಿರೂ ಇದೆ. 1954ರಲ್ಲಿ ಸ್ಥಾಪನೆಯಾದ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿಯ ಹೆಸರಿನಲ್ಲಿಯೇ ಅದಕ್ಕೆ ಮೊದಲ ಸ್ಥಾನ. ಈ ಲೋಹದ ಬಹುಪಾಲು ಬಳಕೆ ಉಕ್ಕಿಗಾಗಿ, ಫೆರೋ ಮಿಶ್ರಲೋಹಗಳ ರೂಪದಲ್ಲಿ. ಇನ್ನೊಂದು ಬಳಕೆ ಬ್ಯಾಟರಿ: ಟಾರ್ಚಿನ ಸೆಲ್ಲನ್ನು ಒಡೆದರೆ ಕಾಣುವ ಕಪ್ಪು ಪುಡಿಯಲ್ಲಿ ಮುಖ್ಯವಾದುದು ಮ್ಯಾಂಗನೀಸ್ ಡೈಆಕ್ಸೈಡ್.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ದೇವರಾಜ್ ಮತ್ತು ಎನ್. ಮುನಿಚಂದ್ರಯ್ಯ ಅವರು ಇದೇ ವಸ್ತುವಿನ ವಿವಿಧ ಸ್ಫಟಿಕ ರೂಪಗಳನ್ನು ನ್ಯಾನೊ ಗಾತ್ರದಲ್ಲಿ ತಯಾರಿಸಿ, 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬೀಟಾ ರೂಪದ ವಿದ್ಯುತ್ ಧಾರಕತೆ ಗ್ರಾಂಗೆ 9 ಫ್ಯಾರಡ್. ವಿಶೇಷ ವಿಧಾನದಿಂದ ತಯಾರಿಸಿದ ಆಲ್ಫಾ ರೂಪದ್ದು 297. ರಾಸಾಯನಿಕ ಸೂತ್ರ ಒಂದೇ. ಬೀಟಾದೊಳಗಿನ ಸುರಂಗಗಳು ತೀರ ಕಿರಿದಾದುದರಿಂದ ಅಯಾನುಗಳು ಸುಲಭವಾಗಿ ನುಗ್ಗಲಾರವು; ಆಲ್ಫಾದಲ್ಲಿ ಅವಕ್ಕೆ ದಾರಿಯುಂಟು. ಗಣಿಯವರು ಬಲ್ಲ ಪೈರೊಲುಸೈಟ್ ಖನಿಜವು ಬೀಟಾ ರೂಪದ್ದೇ ಎಂಬುದನ್ನು ಇಲ್ಲಿ ನೆನೆಯಬೇಕು. ಅದಿರಿಗೆ ಬೆಲೆ ಕಟ್ಟುವುದು ಶೇಕಡಾವಾರು ಮ್ಯಾಂಗನೀಸ್ ನೋಡಿ. ವಿದ್ಯುದ್ವಾರದ ಯೋಗ್ಯತೆಯನ್ನು ಆ ಶೇಕಡಾವಾರು ಹೇಳುವುದಿಲ್ಲ.

ಗಾತ್ರದ ಮಹತ್ವಕ್ಕೆ ಒಂದು ಲೆಕ್ಕ. ಒಂದು ಘನ ಸೆಂಟಿಮೀಟರ್ ತುಂಡಿನ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ 600 ಚದರ ಮೀಟರ್, ಎಂದರೆ 30x40 ಅಡಿಯ ಐದು ನಿವೇಶನಗಳಿಗಿಂತ ಹೆಚ್ಚು! ಸೂಪರ್‌ಕೆಪಾಸಿಟರಿನಲ್ಲಿ ಹೆಚ್ಚಿನ ಕೆಲಸ ಮೇಲ್ಮೈಯ ತೆಳುಪದರದಲ್ಲೇ ನಡೆಯುವುದರಿಂದ ಈ ವಿಸ್ತಾರವೇ ಆಸ್ತಿ. ಆದರೆ ಹಗುರವಾದ ಪುಡಿ ಸೆಲ್ಲಿನಲ್ಲಿ ಹೆಚ್ಚು ಜಾಗ ಬೇಡುತ್ತದೆ, ಮ್ಯಾಂಗನೀಸ್ ನಿಧಾನವಾಗಿ ದ್ರಾವಣದಲ್ಲಿ ಕರಗುತ್ತದೆ, ಪ್ರಯೋಗಾಲಯದ ಗ್ರಾಂನಲ್ಲಿ ಸಾಧಿಸಿದ ಗುಣ ಕಾರ್ಖಾನೆಯ ಟನ್ನಿನಲ್ಲಿ ಉಳಿಯುವುದು ಕಷ್ಟ.

ಲೆಕ್ಕಪತ್ರದ ದೃಷ್ಟಿಯಿಂದಲೂ ಎಚ್ಚರ ಅಗತ್ಯ. ಲೆಕ್ಕಪತ್ರ ಮಾನದಂಡ 26ರಂತೆ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷದ ಲಾಭ-ನಷ್ಟಕ್ಕೇ ಹಾಕಬೇಕು. ನಿಗದಿತ ಷರತ್ತುಗಳು ಪೂರೈಸಿದ ಅಭಿವೃದ್ಧಿ ವೆಚ್ಚ ಮಾತ್ರ ಆಸ್ತಿಯಾಗುತ್ತದೆ. ಸಂಸ್ಥೆಯೊಳಗಿನ ಸಂಶೋಧನೆಗೆ ಆದಾಯ ತೆರಿಗೆಯಲ್ಲಿ ಒಂದು ಕಾಲಕ್ಕೆ ಶೇ. 200ರಷ್ಟಿದ್ದ ಕಡಿತ 2017-18ರಿಂದ ಶೇ. 150ಕ್ಕೆ, 2020-21ರಿಂದ ಶೇ. 100ಕ್ಕೆ ಇಳಿಯಿತು.

ಕೇಂದ್ರ ಸರ್ಕಾರವು 2021ರ ಮೇ ತಿಂಗಳಲ್ಲಿ ಅನುಮೋದಿಸಿದ 18,100 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆ ಸೆಲ್ ತಯಾರಕರಿಗೆ ಸಂಬಂಧಿಸಿದ್ದು, ಅದಿರಿಗಲ್ಲ. ಆದರೂ ಐದು ವರ್ಷಗಳಲ್ಲಿ ಶೇ. 60ರಷ್ಟು ದೇಶೀಯ ಮೌಲ್ಯವರ್ಧನೆ ಆಗಬೇಕೆಂಬ ಅದರ ಷರತ್ತಿನಿಂದ ದೇಶದೊಳಗಿನ ಕಚ್ಚಾವಸ್ತುವಿಗೆ ಬೇಡಿಕೆಯ ಬಾಗಿಲು ತೆರೆದಿದೆ. ಹೊಸಪೇಟೆ, ಸಂಡೂರು ಭಾಗದ ಉದ್ದಿಮೆದಾರರಿಗೆ ಕೈಗೆಟಕುವ ಮೆಟ್ಟಿಲು ನ್ಯಾನೊ ಪುಡಿಗಿಂತ ಮೊದಲಿನದು: ಅದಿರನ್ನು ಸುಟ್ಟು, ಗಂಧಕಾಮ್ಲದಲ್ಲಿ ಕರಗಿಸಿ, ಕಬ್ಬಿಣವನ್ನೂ ಇತರ ಲೋಹಗಳನ್ನೂ ಬೇರ್ಪಡಿಸಿ ಪಡೆಯುವ ಶುದ್ಧ ಮ್ಯಾಂಗನೀಸ್ ಸಲ್ಫೇಟ್. ಆ ಶುದ್ಧತೆಗೆ ಕಿಲೋಗೆ ತಗಲುವ ವೆಚ್ಚವೆಷ್ಟು, ಉಳಿಯುವ ಕೆಸರನ್ನು ಹಾಕುವುದೆಲ್ಲಿ ಎಂಬ ಎರಡು ಅಂಕಣಗಳನ್ನು ಯೋಜನಾ ವರದಿಯ ಮೊದಲ ಪುಟದಲ್ಲೇ ತುಂಬಬೇಕು.